ಹಡಗು ನಿಂತಿದೆ, ನಾವಿನ್ನೂ ಬಂದಿಲ್ಲ

ಧಾರವಾಡದ ಹಿರಿಯರ ಬಳಗವೊಂದು ಕ್ರೂಸ್ ಪ್ರವಾಸಕ್ಕೆ ಹೊರಟಿದೆ. ಹೊರಡುವ ಮುನ್ನ ಒಂದು ಸಂಜೆ ನನ್ನನ್ನು ಕರೆಸಿ ಮಾತಾಡಿಸಿದರು. ಆ ಮಾತನ್ನೇ ಇಲ್ಲಿ ಬರೆದಿದ್ದೇನೆ. ಅಲ್ಲಿ ಮರೆತಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ. ನಡುವೆ ಚಹಾ, ಮಿರ್ಚಿ ಬಂದಾಗ ಆದ ಗದ್ದಲವನ್ನು ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಗದಗಿನವಳು. ನಮ್ಮೂರಿಂದ ಸಮುದ್ರ ಎಷ್ಟು ದೂರ ಅಂತ ನಿಮಗೆ ಗೊತ್ತೇ ಇದೆ. ಮೊದಲ ಸಲ ಸಮುದ್ರ ನೋಡಿದ್ದು ಕಾಲೇಜಿನಲ್ಲಿದ್ದಾಗ, ಕಾರವಾರದಲ್ಲಿ. ಅಂಥವಳು ಹೋಗಿ ಒಂಬತ್ತು ವರ್ಷ ಹಡಗಿನಲ್ಲಿ ಕೆಲಸ ಮಾಡಿದೆ. ಏನು ಕೆಲಸ ಅಂತ ಊರಲ್ಲಿ ಕೇಳಿದವರಿಗೆ ಹೇಳಿ ತಿಳಿಸುವುದೇ ಕಷ್ಟವಾಗುತ್ತಿತ್ತು. ಅಡುಗೆ ಅಲ್ಲ, ಎಂಜಿನ್ ಅಲ್ಲ, ಡ್ಯಾನ್ಸಂತೂ ಅಲ್ಲವೇ ಅಲ್ಲ. ಕಾಗದದ ಕೆಲಸ. ಹಡಗಿನಲ್ಲಿರುವ ಎಲ್ಲರ ಪಾಸ್‌ಪೋರ್ಟ್, ವೀಸಾ, ಹೆಸರಿನ ಪಟ್ಟಿ ನೋಡಿಕೊಳ್ಳುವುದು. ಅಲ್ಲಿ ನಮ್ಮನ್ನು ಕ್ಲಿಯರೆನ್ಸ್ ಆಫೀಸರ್ ಅನ್ನುತ್ತಿದ್ದರು. ನಮ್ಮಪ್ಪ ಮಾತ್ರ ಬಂದವರಿಗೆಲ್ಲ "ನಮ್ಮ ಹುಡುಗಿ ಹಡಗಿನ ತಲಾಟಿ ಆಗ್ಯಾಳ" ಅಂತ ಹೇಳುತ್ತಿದ್ದರು. ತಲಾಟಿ ಅಂದರೆ ಊರಿನ ದಾಖಲೆ ನೋಡಿಕೊಳ್ಳುವವರು. ಇದಕ್ಕಿಂತ ಸರಿಯಾದ ವಿವರಣೆ ನನಗೆ ಇವತ್ತಿಗೂ ಸಿಕ್ಕಿಲ್ಲ.

ವಿಮಾನದಲ್ಲಿ ಪರದೇಶಕ್ಕೆ ಹೋದವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಮಕ್ಕಳು ಅಮೆರಿಕದಲ್ಲಿ, ಮೊಮ್ಮಕ್ಕಳ ಬಾಣಂತನಕ್ಕೆ ಹೋಗಿ ಬಂದವರು. ಆ ಪದ್ಧತಿ ನಿಮಗೆ ಗೊತ್ತು. ವಿಮಾನ ಇಳಿಯುತ್ತೀರಿ, ಸಾಲಿನಲ್ಲಿ ನಿಲ್ಲುತ್ತೀರಿ, ಗಾಜಿನ ಹಿಂದೆ ಕೂತ ಅಧಿಕಾರಿ ಮುಖ ನೋಡುತ್ತಾನೆ, ಸೀಲ್ ಹೊಡೆಯುತ್ತಾನೆ. ಗಡಿ ಅಲ್ಲೇ ಇದೆ, ನಿಮ್ಮ ಕಣ್ಣೆದುರಿಗೇ. ಹಡಗಿನಲ್ಲಿ ಹಾಗಲ್ಲ. ನೀವು ಮಲಗಿರುವಾಗಲೇ ಗಡಿ ಬಂದಿರುತ್ತದೆ, ಕೆಲವು ಸಲ ದಾಟಿಯೂ ಆಗಿರುತ್ತದೆ. ಹಾಸಿಗೆ ಅದೇ, ತಿಂಡಿ ಕೊಡುವ ಹುಡುಗ ಅವನೇ. ಹಾಗಾಗಿ ಊರು ಬದಲಾಗಿದೆ, ಕಾನೂನು ಬದಲಾಗಿದೆ ಅಂತ ತಲೆಗೆ ಹೋಗುವುದೇ ಇಲ್ಲ. ನಾನು ನೋಡಿದ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಹುಟ್ಟಿದವು.

ಒಂದು ಬೆಳಗು ಹೇಗಿರುತ್ತದೆ ಹೇಳುತ್ತೇನೆ.

ನಾಲ್ಕೂವರೆ ಗಂಟೆ. ಬಂದರು ಇನ್ನೂ ದೂರ ಇದೆ, ದೀಪ ಮಾತ್ರ ಕಾಣುತ್ತವೆ. ಒಂದು ಸಣ್ಣ ದೋಣಿ ಹಡಗಿನ ಪಕ್ಕಕ್ಕೆ ಬಂದು ಅದೇ ವೇಗದಲ್ಲಿ ಓಡುತ್ತದೆ. ಅದರಿಂದ ಒಬ್ಬ ಮನುಷ್ಯ ಹಗ್ಗದ ಏಣಿ ಹಿಡಿದು ಹಡಗಿನ ಹೊಟ್ಟೆಯಲ್ಲಿರುವ ಬಾಗಿಲಿಗೆ ಹತ್ತುತ್ತಾನೆ. ಅವನು ಪೈಲಟ್, ಆ ಬಂದರಿನ ನೀರು ಬಲ್ಲವನು. ಅವನ ಜೊತೆ ನಿಂತು ಕ್ಯಾಪ್ಟನ್ ಹಡಗನ್ನು ದಡಕ್ಕೆ ತರುತ್ತಾರೆ. ಹಗ್ಗ ಕಟ್ಟುತ್ತಾರೆ, ಗ್ಯಾಂಗ್‌ವೇ, ಅಂದರೆ ಇಳಿಯುವ ಮೆಟ್ಟಿಲು ಹಾಕುತ್ತಾರೆ. ಆದರೆ ಆ ಮೆಟ್ಟಿಲಿನಿಂದ ಮೊದಲು ಯಾರೂ ಇಳಿಯುವುದಿಲ್ಲ, ಹತ್ತುತ್ತಾರೆ. ಮುಂದೆ ಏಜೆಂಟ್, ಅಂದರೆ ಆ ಊರಿನಲ್ಲಿ ನಮ್ಮ ಹಡಗಿನ ಕೆಲಸ ನೋಡಿಕೊಳ್ಳುವವನು, ಬಗಲಲ್ಲಿ ದೊಡ್ಡ ಫೈಲು. ಅವನ ಹಿಂದೆ ಇಮಿಗ್ರೇಶನ್‌ನವರು, ಕಸ್ಟಮ್ಸ್‌ನವರು, ಬಂದರಿನ ಆರೋಗ್ಯ ಇಲಾಖೆಯವರು. ಎಲ್ಲರೂ ಸೀದಾ ನಮ್ಮ ಆಫೀಸಿಗೆ ಬರುತ್ತಾರೆ. ಕಾಫಿ ಕೊಡಬೇಕು. ಕೆಲವು ಬಂದರುಗಳಲ್ಲಿ ಕಾಫಿ ಚೆನ್ನಾಗಿದ್ದರೆ ಕೆಲಸವೂ ಬೇಗ ಆಗುತ್ತಿತ್ತು. ಇದನ್ನು ಎಲ್ಲೂ ಬರೆದಿಲ್ಲ, ನನ್ನ ಅನುಭವ.

ಏಷ್ಯಾದ ಎಷ್ಟೋ ಪ್ರವಾಸಗಳಲ್ಲಿ ಹಡಗು ಹತ್ತಿದ ದಿನವೇ ನಿಮ್ಮ ಪಾಸ್‌ಪೋರ್ಟ್ ತೆಗೆದುಕೊಂಡುಬಿಡುತ್ತಾರೆ. ನಮ್ಮ ಆಫೀಸಿನಲ್ಲಿ ಪ್ಲಾಸ್ಟಿಕ್ ಟ್ರೇಗಳು, ಅದರಲ್ಲಿ ಸಾವಿರಗಟ್ಟಲೆ ಪಾಸ್‌ಪೋರ್ಟ್ ನಿಲ್ಲಿಸಿ ಜೋಡಿಸಿರುತ್ತಿದ್ದೆವು. ಮೊದಲ ವರ್ಷ ಒಂದು ತಪ್ಪು ಮಾಡಿದೆ. ಕ್ಯಾಬಿನ್ ನಂಬರಿನ ಪ್ರಕಾರ ಜೋಡಿಸಿಟ್ಟಿದ್ದೆ. ಬಂದ ಅಧಿಕಾರಿಗೆ ದೇಶದ ಪ್ರಕಾರ ಬೇಕಿತ್ತು. ಆತ ಏನೂ ಬೈಯಲಿಲ್ಲ, ಸುಮ್ನೆ ಕುರ್ಚಿ ಎಳೆದು ಕೂತ. ನಾವು ನಾಲ್ಕು ಜನ ನೆಲದ ಮೇಲೆ ಕೂತು, ಇಸ್ಪೀಟ್ ಎಲೆ ಹಾಕಿದ ಹಾಗೆ ಪಾಸ್‌ಪೋರ್ಟ್ ಹಾಕುತ್ತ, ಮತ್ತೆ ಮೊದಲಿನಿಂದ ಜೋಡಿಸಿದೆವು. ಮುಕ್ಕಾಲು ಗಂಟೆ ತಡ. ಮೇಲೆ ಗ್ಯಾಂಗ್‌ವೇ ಹತ್ತಿರ ಟೋಪಿ, ನೀರಿನ ಬಾಟ್ಲಿ ಹಿಡಿದು ನಿಂತ ಜನ ಯಾರಿಗೆ ಬೈಯುತ್ತಿದ್ದರು ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಪಾಸ್‌ಪೋರ್ಟ್ ಕವರ್ ಬಗ್ಗೆ ಒಂದು ಮಾತು. ದಯವಿಟ್ಟು ತೆಗೆದು ಕೊಡಿ. ಸ್ಕ್ಯಾನ್ ಮಾಡಲು ನಾವು ಹೇಗೂ ತೆಗೆಯಲೇಬೇಕು. ಒಳಗೆ ಏನೇನು ಸಿಗುತ್ತಿತ್ತು ಗೊತ್ತಾ? ಬ್ಯಾಂಕ್ ಚೀಟಿ, ಹತ್ತರ ನೋಟು, ವಿಭೂತಿಯ ಪೊಟ್ಟಣ. ಒಂದು ಸಲ ಒಂದು ಪಾಸ್‌ಪೋರ್ಟ್‌ನಿಂದ ಸಿದ್ಧಾರೂಢ ಅಜ್ಜನ ಸಣ್ಣ ಫೋಟೋ ಜಾರಿ ಟೇಬಲ್ ಮೇಲೆ ಬಿತ್ತು. ಊರು ನೋಡುವ ಅಗತ್ಯವೇ ಬರಲಿಲ್ಲ. ಅವತ್ತು ಸಂಜೆ ಆ ಕ್ಯಾಬಿನ್ನಿಗೆ ಫೋನ್ ಮಾಡಿ "ಹುಬ್ಬಳ್ಳ್ಯಾಗ ಎಲ್ಲಿ ಇರ್ತೀರಿ?" ಅಂದೆ. ಆ ಕಡೆ ಎರಡು ನಿಮಿಷ ಮಾತೇ ಇಲ್ಲ.

ಪಾಸ್‌ಪೋರ್ಟ್ ಕೊಡುವಾಗ ನಮ್ಮ ಜನಕ್ಕೆ ಜೀವ ಹೋದಷ್ಟು ಸಂಕಟ. "ತಂಗಿ, ನಮ್ಮ ಪಾಸ್‌ಪೋರ್ಟ್ ನಿಮ್ಮ ಹಂತೇಕ ಯಾಕ ಇರಬೇಕು?" ಅಂತ ಎಷ್ಟು ಜನ ಕೇಳಿದ್ದಾರೋ. ಅದು ಸರಿಯಾದ ಪ್ರಶ್ನೆಯೇ. ಉತ್ತರ ಇಷ್ಟೇ: ಬೆಳಿಗ್ಗೆ ಐದಕ್ಕೆ ಎರಡು ಸಾವಿರ ಜನರನ್ನು ಎಬ್ಬಿಸಿ ಸಾಲಿನಲ್ಲಿ ನಿಲ್ಲಿಸುವ ಬದಲು ನಿಮ್ಮ ಪರವಾಗಿ ಪುಸ್ತಕ ತೋರಿಸಿ ಮುಗಿಸುತ್ತಾರೆ. ಕೊನೆಯ ದಿನದ ಹೊತ್ತಿಗೆ ವಾಪಸ್ ಕೊಡುತ್ತಾರೆ. ಎಲ್ಲ ಹಡಗಿನಲ್ಲೂ ಹೀಗೇ ಅಂತಲ್ಲ. ಯುರೋಪಿನಲ್ಲಿ, ಅಮೆರಿಕದಲ್ಲಿ ಸಾಮಾನ್ಯವಾಗಿ ನಿಮ್ಮ ಬಳಿಯೇ ಇರುತ್ತದೆ. ಕೆಲವು ದೇಶಗಳ ಅಧಿಕಾರಿಗಳು ಪುಸ್ತಕ ನೋಡಿ ಬಿಡುವುದಿಲ್ಲ, ಮುಖವನ್ನೂ ನೋಡಬೇಕು ಅನ್ನುತ್ತಾರೆ. ಆಗ ಹಡಗಿನ ದೊಡ್ಡ ಹಾಲ್‌ನಲ್ಲಿ ಟೇಬಲ್ ಹಾಕಿ, ಮಹಡಿ ಮಹಡಿಯಾಗಿ ಕರೆಯುತ್ತಾರೆ. ನಿಮ್ಮ ಮಹಡಿ ಕರೆದಾಗ ಹೋಗಿ. ಇಳಿಯುವುದಿಲ್ಲ, ಮಲಗುತ್ತೇನೆ ಅಂದರೂ ಹೋಗಬೇಕು. ಒಬ್ಬರು ಬರದಿದ್ದರೂ ಇಡೀ ಹಡಗು ಕಾಯುತ್ತದೆ.

ಪಾಸ್‌ಪೋರ್ಟ್ ಕೊಡುವ ಮುಂಚೆ ಎರಡು ಜೆರಾಕ್ಸ್ ಮಾಡಿಸಿ. ಮೊಬೈಲಿನಲ್ಲೂ ಒಂದು ಫೋಟೋ ಇರಲಿ. ಊರು ನೋಡಲು ಇಳಿಯುವಾಗ ಒಂದು ಜೆರಾಕ್ಸ್, ಹಡಗಿನವರು ಕೊಟ್ಟ ಕಾರ್ಡು. ಆ ಕಾರ್ಡೇ ನಿಮ್ಮ ಕೋಣೆಯ ಕೀಲಿ, ಅದೇ ಗುರುತಿನ ಚೀಟಿ. ಇಳಿಯುವಾಗ ಮಷಿನ್ನಿಗೆ ತೋರಿಸಿದರೆ ಟಿಂಗ್ ಅನ್ನುತ್ತದೆ, ಸೆಕ್ಯುರಿಟಿಯವನ ಪರದೆಯಲ್ಲಿ ನಿಮ್ಮ ಫೋಟೋ ಬರುತ್ತದೆ. ಹತ್ತುವಾಗ ಮತ್ತೆ ಟಿಂಗ್. ಯಾರು ಒಳಗಿದ್ದಾರೆ, ಯಾರು ಹೊರಗಿದ್ದಾರೆ ಅಂತ ನಮಗೆ ಲೆಕ್ಕ ಸಿಗುವುದೇ ಆ ಟಿಂಗ್‌ನಿಂದ. ಕಾರ್ಡು ಹೆಂಡತಿ ಪರ್ಸಿನಲ್ಲಿಟ್ಟು ಗಂಡ ಒಬ್ಬನೇ ಮೊದಲು ಬಂದು ನಿಲ್ಲುವುದು ದಿನಾ ನಡೆಯುವ ನಾಟಕ.

ಇನ್ನು ಹಡಗು ನಿಂತು ಒಂದು ತಾಸಾದರೂ ಯಾಕೆ ಬಿಡುವುದಿಲ್ಲ? ಒಬ್ಬ ಅಜ್ಜ ಕೇಳಿದ್ದರು, "ಹಡಗು ನಿಂತು ತಾಸಾತು, ಬಾಗಲಾ ಯಾಕ ತಗೀವಲ್ರಿ?" ನಾನು ಅಂದೆ, "ಅಜ್ಜಾರ, ಹಡಗು ನಿಂತೈತಿ, ಆದ್ರ ನಾವಿನ್ನೂ ಬಂದಿಲ್ರಿ." ತಮಾಷೆಗೆ ಹೇಳಿದ್ದಲ್ಲ, ಕಾನೂನೇ ಹಾಗೆ. ಅಧಿಕಾರಿಗಳು ಹಡಗಿಗೆ ಕ್ಲಿಯರೆನ್ಸ್ ಕೊಡುವವರೆಗೆ ನಾವು ಆ ದೇಶಕ್ಕೆ ಬಂದ ಲೆಕ್ಕವಿಲ್ಲ.

ಇದರ ಹಿಂದೆ ದೊಡ್ಡ ಕಥೆ ಇದೆ. ಹಡಗು ಬಂದರಿಗೆ ಬರುವಾಗ ಹಳದಿ ಬಾವುಟ ಹಾರಿಸುತ್ತದೆ. ನಮ್ಮಲ್ಲಿ ರೋಗ ಇಲ್ಲ, ಒಳಗೆ ಬಿಟ್ಟುಕೊಳ್ಳಿ ಅಂತ ಅದರ ಅರ್ಥ. 1377ರಲ್ಲಿ ಇವತ್ತಿನ ಕ್ರೊಯೇಶಿಯಾದ ಡುಬ್ರೊವ್ನಿಕ್ ಊರಿನವರು, ಪ್ಲೇಗ್ ಇರುವ ಕಡೆಯಿಂದ ಬಂದವರು 30 ದಿನ ಹೊರಗೇ ಇರಬೇಕು ಅಂತ ಕಾನೂನು ಮಾಡಿದರು. ಮುಂದೆ ಅದು 40 ದಿನ ಆಯಿತು. ಇಟಲಿಯವರ ಭಾಷೆಯಲ್ಲಿ ನಲವತ್ತಕ್ಕೆ ಕ್ವಾರಂಟಾ ಅಂತಾರೆ. ಕ್ವಾರಂಟೈನ್ ಬಂದದ್ದು ಅಲ್ಲಿಂದ. ಇದೆಲ್ಲ ನಮಗ್ಯಾಕೆ ಅನ್ನಬೇಡಿ. 1896ರಲ್ಲಿ ಮುಂಬೈ ಬಂದರಿಗೆ ಪ್ಲೇಗ್ ಬಂತು. ಎರಡು ವರ್ಷ ಕಳೆಯುವುದರೊಳಗೆ ಹುಬ್ಬಳ್ಳಿಗೂ ಬಂತು. 1898ರಲ್ಲಿ ಹುಬ್ಬಳ್ಳಿಯಲ್ಲಿ ದೊಡ್ಡ ಮಟ್ಟದಲ್ಲಿ ಪ್ಲೇಗಿನ ಚುಚ್ಚುಮದ್ದು ಹಾಕಿದರು. ಸಮುದ್ರವೇ ಕಾಣದ ಊರಿಗೂ ಬಂದರಿನ ರೋಗ ಬರುತ್ತದೆ. ಇನ್ನು 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ 3,700ಕ್ಕೂ ಹೆಚ್ಚು ಜನರನ್ನು ಹೊತ್ತ ಕ್ರೂಸ್ ಹಡಗೊಂದನ್ನು ನಿಲ್ಲಿಸಿದ್ದು ಟಿವಿಯಲ್ಲಿ ನೀವೇ ನೋಡಿದ್ದೀರಿ. ಹಾಗಾಗಿ ಹೊಟ್ಟೆ ಕೆಟ್ಟರೆ, ಜ್ವರ ಬಂದರೆ ಹಡಗಿನ ಡಾಕ್ಟರಿಗೆ ಹೇಳಿ. ಎಷ್ಟು ಜನಕ್ಕೆ ಕಾಯಿಲೆ ಅಂತ ನಾವು ಬಂದರಿಗೆ ಮೊದಲೇ ಬರೆದು ಕೊಡಬೇಕು. ಮುಚ್ಚಿಟ್ಟರೆ ಬರೆದದ್ದು ಸುಳ್ಳಾಗುತ್ತದೆ.

ಕಾಗದಗಳೂ ಅಷ್ಟೇ. ಮೊದಲು ಒಂದೊಂದು ಬಂದರಿಗೆ ಒಂದೊಂದು ನಮೂನೆ. 1965ರಲ್ಲಿ ದೇಶಗಳೆಲ್ಲ ಕೂತು ಒಂದು ಒಪ್ಪಂದ ಮಾಡಿಕೊಂಡವು. ಪ್ರಯಾಣಿಕರ ಪಟ್ಟಿ, ಸಿಬ್ಬಂದಿಯ ಪಟ್ಟಿ, ಹಡಗಿನ ಉಗ್ರಾಣದಲ್ಲಿ ಏನೇನಿದೆ, ಸಿಬ್ಬಂದಿಯ ಸ್ವಂತ ಸಾಮಾನು ಏನು, ಎಲ್ಲಕ್ಕೂ ಒಂದೇ ತರದ ಫಾರಂ. 2024ರ ಜನವರಿ 1ರಿಂದ ಇದನ್ನೆಲ್ಲ ಕಂಪ್ಯೂಟರಿನಲ್ಲಿ ಒಂದೇ ಕಿಂಡಿಗೆ ಕಳಿಸುವ ವ್ಯವಸ್ಥೆ ಕಡ್ಡಾಯ. ಅಮೆರಿಕಕ್ಕಾದರೆ ಸಾಮಾನ್ಯವಾಗಿ ಹಡಗು ಮುಟ್ಟುವ 96 ಗಂಟೆ ಮುಂಚೆಯೇ ಪಟ್ಟಿ ಹೋಗಬೇಕು. ನೀವು ಹಡಗಿನ ಈಜುಕೊಳದಲ್ಲಿ ಕಾಲು ಇಳಿಬಿಟ್ಟು ಕೂತಿರುವಾಗಲೇ ನಿಮ್ಮ ಹೆಸರು ದಡ ಮುಟ್ಟಿರುತ್ತದೆ.

ಅದಕ್ಕೇ ಹೆಸರು ಸರಿ ಇರಬೇಕು.

ನಮ್ಮ ಕಡೆ ಅಡ್ಡಹೆಸರಿಗೆ ಬರ ಇಲ್ಲ. ಹಿರೇಮಠ, ದೇಸಾಯಿ, ಮೆಣಸಿನಕಾಯಿ, ಉಳ್ಳಾಗಡ್ಡಿ, ಯಾವುದು ಬೇಕು ಹೇಳಿ. ಆದರೆ ಪಾಸ್‌ಪೋರ್ಟ್ ಮಾಡಿಸುವಾಗ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರನ್ನೂ ಒಂದೇ ಜಾಗದಲ್ಲಿ ತುಂಬಿ ಸರ್‌ನೇಮ್ ಖಾನೆ ಖಾಲಿ ಬಿಟ್ಟವರಿದ್ದಾರೆ. ಹಳೆಯ ಹೆಣ್ಣುಮಕ್ಕಳ ಪಾಸ್‌ಪೋರ್ಟ್‌ನಲ್ಲಿ ಬರೀ 'ಗಂಗವ್ವ' ಅಂತಷ್ಟೇ ಇದ್ದದ್ದನ್ನೂ ನೋಡಿದ್ದೇನೆ. ದುಬೈ, ಅಬುಧಾಬಿ ಕಡೆ ಕ್ರೂಸ್ ಹೋಗುವವರು ಇದನ್ನು ಚೆನ್ನಾಗಿ ನೋಡಿಕೊಳ್ಳಿ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ಇಲ್ಲ ಅಂತ ಯುಎಇ 2022ರ ನವೆಂಬರ್‌ನಲ್ಲಿ ನಿಯಮ ತಂದಿತು. ಆಮೇಲೆ ಟಿಕೆಟ್. ಮೊಮ್ಮಗ ಮೊಬೈಲಿನಲ್ಲಿ ಬುಕ್ ಮಾಡುವಾಗ ಮನೆಯಲ್ಲಿ ಕರೆಯುವ ಹೆಸರು ಹಾಕಿಬಿಡುತ್ತಾನೆ. ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ. ಹೋದ ದಿನದಿಂದ ಅಲ್ಲ, ವಾಪಸ್ ಬರುವ ದಿನದಿಂದ ಲೆಕ್ಕ ಹಾಕಿ ಆರು ತಿಂಗಳಾದರೂ ಪಾಸ್‌ಪೋರ್ಟಿಗೆ ಆಯುಷ್ಯ ಇರಲಿ. ತಿದ್ದುಪಡಿ ಬೇಕಾದರೆ ಬೆಂಗಳೂರಿಗೆ ಓಡಬೇಕಿಲ್ಲ, ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ.

ಈಗ ವೀಸಾ. ಇದೊಂದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಯಾಕಂದರೆ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಬಾರ್ಸಿಲೋನಾ ಬಂದರು, ಹಡಗು ಹತ್ತಿಸುವ ದಿನ. ಟರ್ಮಿನಲ್‌ನಲ್ಲಿ ನನ್ನ ಡ್ಯೂಟಿ. ಹಾವೇರಿ ಕಡೆಯ ಗಂಡ ಹೆಂಡತಿ, ಇಬ್ಬರೂ ರಿಟೈರ್ ಆದವರು, ನಗುನಗುತ್ತ ಬಂದರು. ಪ್ರವಾಸ ಫ್ರಾನ್ಸಿನ ಮಾರ್ಸೇಲ್, ಇಟಲಿಯ ಜಿನೋವಾ, ಆಮೇಲೆ ಸಮುದ್ರ ದಾಟಿ ಟ್ಯುನೀಶಿಯಾ, ಅಲ್ಲಿಂದ ಮತ್ತೆ ಇಟಲಿಯ ಪಲೆರ್ಮೊ, ಕೊನೆಗೆ ಬಾರ್ಸಿಲೋನಾ. ಪಾಸ್‌ಪೋರ್ಟ್ ತೆಗೆದೆ. ಷೆಂಗೆನ್ ವೀಸಾ, ಅಂದರೆ ಯುರೋಪಿನ ಬಹಳಷ್ಟು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ. ಅದರ ಸ್ಟಿಕ್ಕರ್‌ನಲ್ಲಿ ಎಷ್ಟು ಸಲ ಪ್ರವೇಶ ಅನ್ನುವ ಜಾಗ ಒಂದಿರುತ್ತದೆ. ಅಲ್ಲಿ 'ಮಲ್ಟ್', ಅಂದರೆ ಹಲವು ಸಲ, ಅಂತ ಇರಬೇಕಿತ್ತು. 01 ಅಂತ ಇತ್ತು.

ಬೆರಳೆಣಿಸಿ ನೋಡಿ. ವಿಮಾನದಲ್ಲಿ ಬಾರ್ಸಿಲೋನಾಕ್ಕೆ ಬಂದಾಗಲೇ ಒಂದು ಪ್ರವೇಶ ಮುಗಿಯಿತು. ಫ್ರಾನ್ಸ್, ಇಟಲಿ ಎಲ್ಲ ಷೆಂಗೆನ್ ಒಳಗೇ, ಒಂದೇ ಮನೆಯ ಕೋಣೆಗಳಿದ್ದ ಹಾಗೆ, ಅಲ್ಲಿಗೆ ತೊಂದರೆ ಇಲ್ಲ. ಟ್ಯುನೀಶಿಯಾ ಆ ಮನೆಯಿಂದ ಹೊರಗೆ. ಅಲ್ಲಿಗೆ ಹೋದರೆ ಹೊಸ್ತಿಲು ದಾಟಿದ ಹಾಗೆ. ಪಲೆರ್ಮೊಕ್ಕೆ ಬಂದರೆ ಎರಡನೇ ಪ್ರವೇಶ. ಆ ಎರಡನೆಯದು ಅವರ ಬಳಿ ಇರಲಿಲ್ಲ.

ಅವರು ಹೇಳಿದರು, "ಟ್ಯುನೀಶಿಯಾದಾಗ ನಾವು ಇಳಿಯಂಗೇ ಇಲ್ರಿ. ರೂಮಿನ್ಯಾಗ ಕುಂದರ್ತೀವಿ. ಬೇಕಾದ್ರ ಬರದ್ ಕೊಡ್ತೀವಿ." ಎಷ್ಟು ಸರಳವಾಗಿ ಕೇಳಿದರು! ಆದರೆ ನೀವು ಇಳಿಯಿರಿ, ಬಿಡಿ, ಹಡಗು ಹೋಯಿತಲ್ಲ. ಹಡಗಿನ ಜೊತೆ ನೀವೂ ಹೋದಿರಿ. ಮಲಗಿದ್ದರೂ ಗಡಿ ದಾಟಿದ್ದೀರಿ. ಅವರನ್ನು ಹತ್ತಿಸಿಕೊಳ್ಳಲು ಆಗಲಿಲ್ಲ. ಸೂಟ್‌ಕೇಸ್‌ಗಳು ಆಗಲೇ ಹಡಗಿನ ಒಳಗೆ ಹೋಗಿದ್ದವು. ಹಿಡಿಕೆಗೆ ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡು ಕಟ್ಟಿದ್ದೇವೆ ಅಂತ ಗುರುತು ಹೇಳಿದರು. ಆ ಕೆಂಪು ತುಂಡು ನೋಡಿಯೇ ನಮ್ಮ ಹುಡುಗರು ಹುಡುಕಿ ತಂದರು. ಆ ಅಮ್ಮ ಸೂಟ್‌ಕೇಸ್ ಮೇಲೆ ಕೂತು ಅತ್ತದ್ದು, ಯಜಮಾನರು ಟೂರಿನವರಿಗೆ ಮತ್ತೆ ಮತ್ತೆ ಫೋನ್ ಹಚ್ಚಿದ್ದು, ಅದು ಎತ್ತದೇ ಇದ್ದದ್ದು, ಎಲ್ಲ ನೋಡಿದೆ. ಆ ಟೂರಿನವರು ಯಾರು ಅಂತ ಹೇಳುವುದಿಲ್ಲ. ಅವರು ವೀಸಾ ಕೊಡಿಸಿದ್ದರು, ನಿಜ. ಪ್ರವಾಸದ ಪಟ್ಟಿಯನ್ನು ಮಾತ್ರ ಓದಿರಲಿಲ್ಲ.

ಹಾಗಾಗಿ ನಿಮ್ಮ ಟೂರಿನವರು "ವೀಸಾ ಆಗೇತ್ರಿ" ಅಂದರೆ ಅಲ್ಲಿಗೆ ಬಿಡಬೇಡಿ. ಎಷ್ಟು ಪ್ರವೇಶದ್ದು ಅಂತ ಕೇಳಿ. ಹಡಗು ಎಲ್ಲಿಂದ ಹೊರಟು ಎಲ್ಲಿಗೆ ವಾಪಸ್ ಬರುತ್ತದೆ ಅಂತ ಕಾಗದದ ಮೇಲೆ ಬರೆದು, ಪ್ರತಿ ಗಡಿಗೂ ಒಂದು ಗೀಟು ಹಾಕಿ. ಯುರೋಪಿನಲ್ಲಿ 2025ರ ಅಕ್ಟೋಬರ್ 12ರಿಂದ ಸೀಲಿನ ಬದಲು ಬೆರಳಚ್ಚು, ಮುಖದ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಲೆಕ್ಕ ಇಡುವ ಪದ್ಧತಿ ಶುರುವಾಗಿದೆ. ಇನ್ನು ಗೀಟು ತಪ್ಪುವ ಪ್ರಶ್ನೆಯೇ ಇಲ್ಲ.

ನೀವು ಹೊರಟಿರುವುದು ಸಿಂಗಾಪುರದಿಂದ. ಪೆನಾಂಗ್, ಫುಕೆಟ್ ನೋಡಿ ಮತ್ತೆ ಸಿಂಗಾಪುರ. ಅಲ್ಲೂ ಇದೇ ಲೆಕ್ಕ. ವಿಮಾನದಲ್ಲಿ ಒಂದು ಸಲ, ಹಡಗಿನಲ್ಲಿ ಒಂದು ಸಲ, ಎರಡು ಸಲ ಸಿಂಗಾಪುರ ಹೊಕ್ಕ ಹಾಗೆ. ಅಲ್ಲಿ ಅರೈವಲ್ ಕಾರ್ಡ್ ಅಂತ ಆನ್‌ಲೈನ್‌ನಲ್ಲಿ ತುಂಬಬೇಕು. ಮುಟ್ಟುವ ದಿನ ಸೇರಿ ಮೂರು ದಿನದ ಒಳಗೆ. ಎರಡು ಸಲ ಹೊಕ್ಕರೆ ಎರಡು ಸಲ ತುಂಬಬೇಕು. ಎರಡನೆಯದು ಎಲ್ಲರಿಗೂ ಮರೆಯುತ್ತದೆ, ಯಾಕಂದರೆ ಆಗ ಹಡಗಿನಲ್ಲಿ ಇರುತ್ತೀರಿ, ಇಂಟರ್ನೆಟ್ ದುಬಾರಿ. ಇದು ಪೂರ್ತಿ ಉಚಿತ, ದಯವಿಟ್ಟು ನೆನಪಿಡಿ. ಸರ್ಕಾರದ ಜಾಲತಾಣದಂತೆಯೇ ಕಾಣುವ ಖಾಸಗಿ ಜಾಲತಾಣಗಳಿವೆ, ದುಡ್ಡು ಕೇಳುತ್ತವೆ. ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ ಅಂತ ತಿಳಿಯಿರಿ. ಮಲೇಷ್ಯಾ 2024ರ ಜನವರಿಯಿಂದ, ಥಾಯ್ಲೆಂಡ್ 2025ರ ಮೇ ತಿಂಗಳಿಂದ ಇಂಥದ್ದೇ ಡಿಜಿಟಲ್ ಕಾರ್ಡ್ ತಂದಿವೆ. ಹಡಗಿನಲ್ಲಿ ಹೋಗುವವರು ಏನು ಮಾಡಬೇಕು ಅಂತ ಕ್ರೂಸ್ ಕಂಪನಿ ನಿಮಗೆ ಬರೆದು ಕಳಿಸುತ್ತದೆ. ಆ ಪತ್ರ ಓದಿ. ಬಹಳ ಜನ ಅದರಲ್ಲಿ ಊಟದ ಮೆನು ಮಾತ್ರ ಓದುತ್ತಾರೆ.

ಊಟದ ಮಾತು ಬಂತಲ್ಲ, ಈಗ ಕಸ್ಟಮ್ಸ್.

ನೀವು ಏನು ಕಟ್ಟಿಕೊಂಡು ಹೋಗುತ್ತೀರಿ ನನಗೆ ಗೊತ್ತು. ಪೇಡೆ, ಚಕ್ಕುಲಿ, ಶೇಂಗಾ ಚಟ್ನಿಪುಡಿ, ಅಂಟಿನ ಉಂಡಿ, ಕರ್ಚಿಕಾಯಿ. ಅಂಟಿನ ಉಂಡಿಯಲ್ಲಿ ಏನೇನಿದೆ? ಕೊಬ್ಬರಿ, ಉತ್ತತ್ತಿ, ಅಂಟು, ಬೆಲ್ಲ, ಗಸಗಸೆ. ಆ ಗಸಗಸೆಯ ಬಗ್ಗೆ ಹುಷಾರಾಗಿರಿ. ನಮಗದು ಪಾಯಸ. ಸಿಂಗಾಪುರದವರಿಗೆ ಅದು ಅಫೀಮಿನ ಗಿಡದ ಬೀಜ, ದೇಶದೊಳಗೆ ತರುವ ಹಾಗಿಲ್ಲ. ಯುಎಇಯಲ್ಲೂ ನಿಷೇಧ. ಕರ್ಚಿಕಾಯಿ ಒಳಗಿನ ಹೂರಣಕ್ಕೂ ಗಸಗಸೆ ಹಾಕುತ್ತಾರೆ, ಅಲ್ವಾ? ಈ ಸಲ ಗಸಗಸೆ ಇಲ್ಲದೆ ಮಾಡಿ, ಇಲ್ಲ ಅಂದರೆ ಇಲ್ಲೇ ತಿಂದು ಹೋಗಿ.

ಇನ್ನು ಎಲೆ. ಸವಣೂರಿನ ಎಲೆ ಇಲ್ಲದೆ ಊಟ ಇಳಿಯದ ಒಬ್ಬ ಅಮ್ಮ ಒದ್ದೆ ಬಟ್ಟೆಯಲ್ಲಿ ನೂರು ಎಲೆ ಸುತ್ತಿ ದುಬೈಗೆ ತಂದಿದ್ದರು. ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿ ಪಾನ್, ವೀಳ್ಯದೆಲೆ ಎರಡೂ ಇವೆ. ಎಲೆ ಹೋಯಿತು. ಐದು ದಿನ ಹಡಗಿನಲ್ಲಿ ಆ ಅಮ್ಮ ಊಟವಾದ ಮೇಲೆ ಬಾಯಿ ಆಡಿಸುತ್ತ ಸುಮ್ಮನೆ ಕೂತಿರುತ್ತಿದ್ದರು, ಪಾಪ. ಸಿಂಗಾಪುರದಲ್ಲಿ ಜಗಿಯುವ ತಂಬಾಕು, ಗುಟ್ಕಾ ತರುವ ಹಾಗಿಲ್ಲ. ಸಿಗರೇಟಿಗೆ ಒಂದಕ್ಕೂ ವಿನಾಯಿತಿ ಇಲ್ಲ, ತಂದರೆ ಹೇಳಿ ಸುಂಕ ಕಟ್ಟಬೇಕು. ಚೂಯಿಂಗ್ ಗಮ್ 1992ರಿಂದ ನಿಷೇಧ.

ಮಾತ್ರೆಗಳನ್ನು ಡಬ್ಬಿಗೆ ಸುರಿದು ಒಯ್ಯಬೇಡಿ. ಅಂಗಡಿಯಿಂದ ಬಂದ ಸ್ಟ್ರಿಪ್‌ನಲ್ಲೇ ಇರಲಿ, ಜೊತೆಗೆ ಡಾಕ್ಟರ ಚೀಟಿ. ಕೋಡೀನ್ ಇರುವ ಕೆಮ್ಮಿನ ಔಷಧ, ಟ್ರಮಡಾಲ್ ಅನ್ನುವ ನೋವಿನ ಮಾತ್ರೆ ಇಂಥವಕ್ಕೆ ಕೆಲವು ದೇಶಗಳಲ್ಲಿ ಮೊದಲೇ ಅನುಮತಿ ಬೇಕು.

ಹಡಗಿನ ಊಟ ಹಡಗಿನಲ್ಲೇ. ತಿಂಡಿಯ ಹೊತ್ತಿಗೆ ಒಂದು ಬಾಳೆಹಣ್ಣು, ಒಂದು ಸೇಬು ಬ್ಯಾಗಿಗೆ ಹಾಕಿಕೊಳ್ಳುವುದು ನಮಗೆಲ್ಲ ರೂಢಿ. ಮನೆಯಿಂದ ಹೊರಟ ಹಾಗೇ ಅನಿಸುತ್ತದೆ. ಆದರೆ ಆ ಮೆಟ್ಟಿಲು ಇಳಿದ ಕೂಡಲೇ ಆ ಬಾಳೆಹಣ್ಣು ಪರದೇಶದಿಂದ ತಂದ ಮಾಲು. ನ್ಯೂಜಿಲೆಂಡ್‌ನಲ್ಲಿ ಹೇಳದೇ ತಂದ ಒಂದು ಹಣ್ಣಿಗೆ ಸ್ಥಳದಲ್ಲೇ 400 ಡಾಲರ್ ದಂಡ. ಅವರ ಭಯ ನಮ್ಮ ಹೊಟ್ಟೆಬಾಕತನದ್ದಲ್ಲ, ಹಣ್ಣಿನಲ್ಲಿರುವ ಹುಳದ್ದು. ಹೊಲ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂಶಯ ಬಂದರೆ ಹೇಳಿಬಿಡಿ. ಹೇಳಿದರೆ ಹೆಚ್ಚೆಂದರೆ ಹಣ್ಣು ಹೋಗುತ್ತದೆ.

ಹಡಗು ದಡದಲ್ಲಿದ್ದಾಗ ಒಳಗಿನ ಅಂಗಡಿಗಳು ಯಾಕೆ ಮುಚ್ಚಿರುತ್ತವೆ ಅಂತ ಕೇಳುತ್ತಿದ್ದರು. ಅಲ್ಲಿಯ ಮಾಲಿಗೆ ಯಾವ ದೇಶದ ಸುಂಕವೂ ಕಟ್ಟಿರುವುದಿಲ್ಲ. ಬಂದರಿಗೆ ಬಂದಾಗ ಮಾರುವಂತಿಲ್ಲ, ಕೆಲವು ಕಡೆ ಕಸ್ಟಮ್ಸ್‌ನವರು ಉಗ್ರಾಣಕ್ಕೆ ಸೀಲ್ ಕೂಡ ಹಾಕುತ್ತಾರೆ. ಸಮುದ್ರಕ್ಕೆ ಹೋದ ಮೇಲೆ ಮತ್ತೆ ಬಾಗಿಲು ತೆಗೆಯುತ್ತಾರೆ.

ಕೊನೆಯ ರಾತ್ರಿ ದೊಡ್ಡ ಸೂಟ್‌ಕೇಸ್‌ಗಳಿಗೆ ಬಣ್ಣದ ಚೀಟಿ ಕಟ್ಟಿ ಬಾಗಿಲ ಹೊರಗೆ ಇಡಬೇಕು. ರಾತ್ರೋರಾತ್ರಿ ಒಯ್ದು ಬೆಳಿಗ್ಗೆ ಟರ್ಮಿನಲ್‌ನಲ್ಲಿ ಬಣ್ಣದ ಪ್ರಕಾರ ಸಾಲಾಗಿ ಇಟ್ಟಿರುತ್ತಾರೆ. ಬೆಳಿಗ್ಗೆ ಬೇಕಾಗುವುದನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ. ಬಿಪಿ ಮಾತ್ರೆ, ಕನ್ನಡಕ, ಹಲ್ಲಿನ ಸೆಟ್. ಪ್ಯಾಂಟನ್ನೂ. ಲುಂಗಿಯಲ್ಲಿ ಇಮಿಗ್ರೇಶನ್ ಮುಗಿಸಿದ ಒಬ್ಬ ಮಾಸ್ತರರು ನನಗೆ ಗೊತ್ತು. ಅಧಿಕಾರಿ ಏನೂ ಅನ್ನಲಿಲ್ಲ, ಮನೆಯವರು ಬಹಳ ಅಂದರು.

ಊರಿಗೆ ಬರುವಾಗ ನಮ್ಮ ದೇಶದ ಕಸ್ಟಮ್ಸ್ ಇದೆ. ಹುಬ್ಬಳ್ಳಿಗೆ ಪರದೇಶದಿಂದ ನೇರ ವಿಮಾನ ಇಲ್ಲ. ಹಾಗಾಗಿ ಬೆಂಗಳೂರು, ಮುಂಬೈ, ಗೋವಾ, ಎಲ್ಲಿ ಮೊದಲು ಇಳಿಯುತ್ತೀರೋ ಅಲ್ಲೇ ಸಾಮಾನು ತೆಗೆದುಕೊಂಡು ಕಸ್ಟಮ್ಸ್ ದಾಟಬೇಕು. ಹೇಳುವಂಥದ್ದು ಇದ್ದರೆ ಕೆಂಪು ದಾರಿ, ಇಲ್ಲದಿದ್ದರೆ ಹಸಿರು. ಮದ್ಯ ಎರಡು ಲೀಟರ್, ಸಿಗರೇಟು 100, ಅಷ್ಟಕ್ಕೆ ವಿನಾಯಿತಿ. ಉಳಿದ ಸಾಮಾನಿನ ಮೊತ್ತ ಆಗಾಗ ಬದಲಾಗುತ್ತದೆ, ಹೊರಡುವ ವಾರ ನೋಡಿಕೊಳ್ಳಿ.

ಬಂಗಾರದ್ದು ಬೇರೆ. ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ತರಬಹುದು ಅಂತ ಯಾರೋ ಹೇಳಿರುತ್ತಾರೆ. ಅದು ಒಂದು ವರ್ಷಕ್ಕಿಂತ ಜಾಸ್ತಿ ಹೊರದೇಶದಲ್ಲಿ ಇದ್ದು ಬಂದವರಿಗೆ. ಎಂಟು ದಿನ ಹಡಗಿನಲ್ಲಿ ತಿರುಗಿ ಬಂದವರಿಗಲ್ಲ. ಇಲ್ಲಿಂದ ಪಾಟ್ಲಿ, ಬೋರಮಾಳ ಎಲ್ಲ ಹಾಕಿಕೊಂಡು ಹೋಗುವವರು, ಹೋಗುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಬರುವಾಗ ಇದು ಅಲ್ಲಿ ಕೊಂಡದ್ದಲ್ಲ, ನಮ್ಮತ್ತೆ ಹಾಕಿದ್ದು ಅಂತ ಸಾಬೀತು ಮಾಡಲು ಅತ್ತೆಯನ್ನು ಕರೆತರಲು ಆಗುವುದಿಲ್ಲ. ನನ್ನನ್ನು ಕೇಳಿದರೆ, ಬೋರಮಾಳವನ್ನು ಬ್ಯಾಂಕ್ ಲಾಕರಿನಲ್ಲೇ ಬಿಟ್ಟು ಹೋಗಿ. ಸಮುದ್ರದ ನಡುವೆ ನೋಡುವವರು ಯಾರೂ ಇಲ್ಲ.

ಮಾತು ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದರು. "ಮೇಡಮ್ಮಾರ, ನಾವು ಊರು ನೋಡಾಕ ಹೋಗಿ ತಡಾ ಆತು ಅಂದ್ರ ಹಡಗು ನಿಲ್ಲತೈತೇನ್ರಿ?"

ನಿಲ್ಲುವುದಿಲ್ಲ. ನಮ್ಮ ಬಸ್ ಕಂಡಕ್ಟರಿಗೆ ಇರುವ ಕರುಣೆ ಕ್ಯಾಪ್ಟನ್‌ಗೆ ಇರುವ ಹಾಗಿಲ್ಲ. ಹಡಗಿನದೇ ಪ್ರವಾಸದ ಬಸ್ಸಿನಲ್ಲಿ ಹೋಗಿದ್ದರೆ ಸಾಮಾನ್ಯವಾಗಿ ಕಾಯುತ್ತಾರೆ. ಸ್ವಂತ ಹೋಗಿದ್ದರೆ ಇಲ್ಲ. ಇನ್ನೊಂದು ಮೋಸ ಗಡಿಯಾರದ್ದು. ಹಡಗಿನ ಸಮಯ ಬೇರೆ, ಊರಿನ ಸಮಯ ಬೇರೆ ಇರಬಹುದು. ಮೊಬೈಲ್ ತಾನಾಗಿಯೇ ಊರಿನ ಸಮಯ ತೋರಿಸುತ್ತದೆ. ಹಾಗಾಗಿ ಕೈಗೆ ಹಳೆಯ ಕಾಲದ ವಾಚು ಕಟ್ಟಿಕೊಂಡು, ಹಡಗಿನ ಸಮಯಕ್ಕೆ ಇಟ್ಟುಕೊಳ್ಳಿ.

ಒಂದು ಸಲ ಹೀಗೇ ಆಯಿತು. ಹೊರಡಲು ಹತ್ತು ನಿಮಿಷ. ಕಂಪ್ಯೂಟರಿನಲ್ಲಿ ಇಬ್ಬರ ಟಿಂಗ್ ಬಂದಿಲ್ಲ. ಮೈಕಿನಲ್ಲಿ ಮೂರು ಸಲ ಹೆಸರು ಕೂಗಿದೆವು. ಸೆಕ್ಯುರಿಟಿಯವರು ಕ್ಯಾಬಿನ್ನಿಗೆ ಹೋಗಿ ಮಾತ್ರೆಯ ಡಬ್ಬಿ ತಂದರು. ಟ್ರೇಯಿಂದ ಎರಡು ಪಾಸ್‌ಪೋರ್ಟ್ ತೆಗೆದದ್ದು ನಾನೇ. ಎಲ್ಲ ಒಂದು ದೊಡ್ಡ ಲಕೋಟೆಗೆ ಹಾಕಿ ಅಂಟಿಸಿ, ಮೇಲೆ ಹೆಸರು ಬರೆದು ಏಜೆಂಟನ ಕೈಗೆ ಕೊಟ್ಟೆವು. ಇನ್ನು ಆ ಇಬ್ಬರು ತಮ್ಮ ಖರ್ಚಿನಲ್ಲೇ ಮುಂದಿನ ಬಂದರಿಗೆ ಬರಬೇಕು. ಅದಕ್ಕೂ ಮುಂಚೆ ಆ ಊರಿನ ಇಮಿಗ್ರೇಶನ್ ಕಚೇರಿಗೆ ಹೋಗಿ, ಹಡಗಿನವರಾಗಿ ಬಂದ ನಾವು ಹಡಗಿಲ್ಲದೆ ಉಳಿದಿದ್ದೇವೆ ಅಂತ ಹೇಳಬೇಕು. ಮೆಟ್ಟಿಲು ತೆಗೆದರು. ಹಗ್ಗ ಬಿಚ್ಚಿದರು. ಹಡಗು ದಡದಿಂದ ಹತ್ತು ಮಾರು ಸರಿದಿತ್ತು, ಆಗ ಕಂಡರು. ಕೈತುಂಬ ಚೀಲ ಹಿಡಿದು ಓಡಿ ಬರುತ್ತಿದ್ದರು. ಏಜೆಂಟ್ ಲಕೋಟೆ ಎತ್ತಿ ತೋರಿಸಿದ. ನಾನು ಕೆಳಗೆ ಆಫೀಸಿಗೆ ಹೋಗಿ ಪಟ್ಟಿಯಲ್ಲಿ ಎರಡು ಹೆಸರು ತೆಗೆದು, ಮುಂದಿನ ಬಂದರಿಗೆ ಹೊಸ ಪಟ್ಟಿ ಕಳಿಸಿದೆ.